ಮೆಲುದನಿಯ ವಿಜ್ಞಾನಿ

ವಿದ್ಯುತ್ ಗ್ರಾಮಫೋನಿನ ತಟ್ಟೆ ತಿರುಗುತ್ತಿರುವಾಗ ಅದರ ಗೀರುಗಳಲ್ಲಿ ಓಡುವ ಮುಳ್ಳು ಸ್ವರಕ್ಕೆ ತಕ್ಕಂತೆ ನಡುಗುತ್ತದೆ. ಆ ನಡುಕದಿಂದ ಹುಟ್ಟುವ ವಿದ್ಯುತ್ತು ತೀರ ಕ್ಷೀಣವಾದುದು. ಒಂದು ವೋಲ್ಟನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲುಗಳಷ್ಟು. ಅಷ್ಟು ಬಲದಿಂದ ಧ್ವನಿವರ್ಧಕದ ಪರದೆ ಅಲುಗಲಾರದು. ಆದುದರಿಂದ ಮನೆಗಳಲ್ಲಿ ಸಂಗೀತ ಕೇಳುವ ಯಂತ್ರಗಳಲ್ಲಿ ಅದನ್ನು ಎರಡು ಹಂತಗಳಲ್ಲಿ ಹಿಗ್ಗಿಸುತ್ತಾರೆ. ಮೊದಲ ಹಂತದ ಉಪಕರಣಕ್ಕೆ ಪೂರ್ವವರ್ಧಕವೆಂದು ಹೆಸರು. ಅದು ಕ್ಷೀಣವಾದ ಸಂಕೇತವನ್ನು ನೂರಾರು ಪಟ್ಟು ಬೆಳೆಸಿ ಮುಂದಿನ ವರ್ಧಕದ ಕೈಗೆ ಒಪ್ಪಿಸುತ್ತದೆ. ಒಂದು ಕಾಲಕ್ಕೆ ಈ ಕೆಲಸವನ್ನು ಕೆಂಪಗೆ ಕಾದು ಉರಿಯುವ ಗಾಜಿನ ವಾಲ್ವುಗಳು ಮಾಡುತ್ತಿದ್ದವು. ಅನಂತರ ಕಡಲೆಕಾಳಿನ ಗಾತ್ರದ ಟ್ರಾನ್ಸಿಸ್ಟರು ಆ ಸ್ಥಾನಕ್ಕೆ ಬಂದಿತು.

ಟ್ರಾನ್ಸಿಸ್ಟರನ್ನು ಲೋಕಕ್ಕೆ ಕೊಟ್ಟ ಮೂವರಲ್ಲಿ ಜಾನ್ ಬಾರ್ಡೀನ್ ಒಬ್ಬರು. ಭೌತವಿಜ್ಞಾನದಲ್ಲಿ ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದವರು ಅವರೊಬ್ಬರೇ. ಆದರೆ ಧ್ವನಿಯನ್ನು ಹಿಗ್ಗಿಸುವ ಸಾಧನವನ್ನು ಕಂಡುಹಿಡಿದ ಈ ವಿಜ್ಞಾನಿಯ ಸ್ವಂತ ಧ್ವನಿ ಎದುರಿಗೆ ಕುಳಿತವರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗಿತ್ತು. ವಿದ್ಯಾರ್ಥಿಗಳು ಅವರಿಗೆ ಪಿಸುಮಾತಿನ ಜಾನ್ ಎಂದು ಅಡ್ಡಹೆಸರಿಟ್ಟಿದ್ದರು.

ಬಾರ್ಡೀನರು ಹುಟ್ಟಿದ್ದು 1908ರ ಮೇ 23ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ. ತಂದೆ ಚಾರ್ಲ್ಸ್ ರಸೆಲ್ ಬಾರ್ಡೀನ್ ಅಂಗರಚನಾಶಾಸ್ತ್ರದ ವಿದ್ವಾಂಸರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿದ್ಯಾಲಯಕ್ಕೆ ಮೊದಲ ಡೀನ್ ಆಗಿದ್ದವರು. ತಾಯಿ ಆಲ್ತಿಯಾ ಕಲೆಯಲ್ಲಿ ಶಿಕ್ಷಣ ಪಡೆದು ಉಪಾಧ್ಯಾಯಿನಿಯಾಗಿದ್ದವರು. ಮಗನ ಬುದ್ಧಿಯ ಚುರುಕನ್ನು ಮೊದಲು ಗುರುತಿಸಿದವರು ಈ ತಂದೆ ತಾಯಿಗಳೇ. ಮೂರನೆಯ ತರಗತಿಯಲ್ಲಿದ್ದ ಹುಡುಗನನ್ನು ಅವರು ನೇರವಾಗಿ ಏಳನೆಯ ತರಗತಿಗೆ ಸೇರಿಸಿದರು. ಆಗ ಅವನಿಗೆ 9 ವರ್ಷ. ತನಗಿಂತ ಎತ್ತರದ ಹುಡುಗರ ನಡುವೆ ಕುಳಿತು ಅವನು ಗಣಿತದಲ್ಲಿ ಎಲ್ಲರಿಗಿಂತ ಮುಂದಾದ. ಅಂದಿನ ಹುಡುಗರಿಗೆಲ್ಲ ರೇಡಿಯೋದ ಹುಚ್ಚು. ಜಾನನೂ ತಂತಿ ಸುತ್ತಿ, ಹರಳೊಂದರ ಮೇಲೆ ಸೂಜಿಯಂಥ ತಂತಿಯನ್ನು ತಾಗಿಸಿ, ಕಿವಿಗೆ ಹಿಡಿದು ಕೇಳುವ ಹರಳು ರೇಡಿಯೋವನ್ನು ಮಾಡಿಕೊಂಡ. ಹರಳನ್ನು ಮುಟ್ಟುವ ತಂತಿಯ ತುದಿ ಮುಂದೊಂದು ದಿನ ಅವನ ಬಾಳಿನ ದಿಕ್ಕನ್ನೇ ತಿರುಗಿಸುವುದೆಂದು ಆಗ ಯಾರು ತಾನೇ ಊಹಿಸಿದ್ದರು?

1920ರಲ್ಲಿ ತಾಯಿ ಅರ್ಬುದ ರೋಗದಿಂದ ತೀರಿಕೊಂಡರು. ಜಾನನಿಗೆ ಇನ್ನೂ 12 ತುಂಬಿರಲಿಲ್ಲ. ಮೊದಲೇ ಮಿತಭಾಷಿಯಾಗಿದ್ದ ಹುಡುಗ ಮತ್ತಷ್ಟು ಮೌನಿಯಾದ.

15ನೆಯ ವಯಸ್ಸಿಗೆ ವಿಶ್ವವಿದ್ಯಾನಿಲಯವನ್ನು ಸೇರಿ, ವಿದ್ಯುತ್ ಎಂಜಿನಿಯರಿಂಗಿನಲ್ಲಿ 1928ರಲ್ಲಿ ಪದವಿಯನ್ನೂ 1929ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದುದಾಯಿತು. ಅನಂತರ ಪಿಟ್ಸ್‌ಬರ್ಗಿನ ಒಂದು ತೈಲ ಸಂಸ್ಥೆಯಲ್ಲಿ, ಭೂಮಿಯ ಕಾಂತಬಲವನ್ನೂ ಗುರುತ್ವವನ್ನೂ ಅಳೆದು ಎಣ್ಣೆಯ ನಿಕ್ಷೇಪಗಳನ್ನು ಪತ್ತೆಹಚ್ಚುವ ಕೆಲಸ ದೊರೆಯಿತು. ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಪಾಲಾಗಿದ್ದ ಕಾಲವದು. ಅಂಥ ಸಮಯದಲ್ಲಿ, 1933ರಲ್ಲಿ, ಭದ್ರವಾದ ಉದ್ಯೋಗವನ್ನು ಬಿಟ್ಟು ಬಾರ್ಡೀನರು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಹೋದರು. ಅಲ್ಲಿ ಯೂಜೀನ್ ವಿಗ್ನರ್ ಅವರ ಬಳಿ ಘನವಸ್ತುಗಳೊಳಗೆ ಎಲೆಕ್ಟ್ರಾನುಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಕಲಿತು 1936ರಲ್ಲಿ ಡಾಕ್ಟರೇಟ್ ಪಡೆದರು. 1938ರಲ್ಲಿ ಜೇನ್ ಮ್ಯಾಕ್ಸ್‌ವೆಲ್ ಅವರೊಡನೆ ವಿವಾಹವಾಯಿತು. ಹಾರ್ವರ್ಡ್ ಮತ್ತು ಮಿನೆಸೋಟ ವಿಶ್ವವಿದ್ಯಾನಿಲಯಗಳಲ್ಲಿಯೂ ಯುದ್ಧಕಾಲದಲ್ಲಿ ನೌಕಾಪಡೆಯ ಪ್ರಯೋಗಾಲಯದಲ್ಲಿಯೂ ಇದ್ದು, 1945ರಲ್ಲಿ ಅವರು ನ್ಯೂಜೆರ್ಸಿಯ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯವನ್ನು ಸೇರಿದರು.

ಬೆಲ್ ಪ್ರಯೋಗಾಲಯ ಆಗ ದೂರವಾಣಿ ಸಂಸ್ಥೆಗೆ ಸೇರಿತ್ತು. ದೂರವಾಣಿಯ ತಂತಿಯಲ್ಲಿ ಸಾಗುವ ಮಾತು ದೂರ ಹೋದಂತೆಲ್ಲ ಸೊರಗುತ್ತದೆ; ದಾರಿಯಲ್ಲಿ ಅಲ್ಲಲ್ಲಿ ಅದಕ್ಕೆ ಬಲ ತುಂಬಬೇಕು. ಆ ಕೆಲಸಕ್ಕೆ ವಾಲ್ವುಗಳಿದ್ದವು. ಆದರೆ ವಾಲ್ವಿನೊಳಗಿನ ತಂತಿ ಕಾದಲ್ಲದೆ ಅದು ಕೆಲಸಕ್ಕೆ ತೊಡಗದು. ಕಾಯುವುದಕ್ಕೆ ಬಹಳ ವಿದ್ಯುತ್ತು ಬೇಕು. ಕಾದು ಕಾದು ಕೊನೆಗೊಂದು ದಿನ ತಂತಿ ಸುಟ್ಟುಹೋಗುತ್ತದೆ. ಕಾಯಿಸಬೇಕಾದ ತಂತಿಯಾಗಲಿ ಒಡೆಯುವ ಗಾಜಾಗಲಿ ಇಲ್ಲದ ವರ್ಧಕವೊಂದು ಬೇಕಾಗಿತ್ತು. ಲೋಹಗಳಂತೆ ವಿದ್ಯುತ್ತನ್ನು ಧಾರಾಳವಾಗಿ ಹರಿಯಬಿಡದ, ಗಾಜಿನಂತೆ ಪೂರ್ತಿ ತಡೆಯಲೂ ತಡೆಯದ ಜರ್ಮೇನಿಯಮ್, ಸಿಲಿಕಾನ್ ಮುಂತಾದ ಅರೆವಾಹಕಗಳಿಂದ ಅದನ್ನು ಮಾಡಬಹುದೆಂಬುದು ಅಲ್ಲಿನ ತಂಡದ ಮುಖ್ಯಸ್ಥ ವಿಲಿಯಂ ಷಾಕ್ಲಿಯವರ ನಂಬಿಕೆ. ಅರೆವಾಹಕದ ತೆಳು ಪದರದ ಹತ್ತಿರ ವಿದ್ಯುದಾವೇಶವುಳ್ಳ ತಗಡೊಂದನ್ನು ತಂದರೆ ಪದರದಲ್ಲಿ ಹರಿಯುವ ಪ್ರವಾಹ ಹೆಚ್ಚಬೇಕು ಅಥವಾ ತಗ್ಗಬೇಕೆಂದು ಅವರ ಲೆಕ್ಕ ಹೇಳುತ್ತಿತ್ತು. ಆದರೆ ಪ್ರಯೋಗದಲ್ಲಿ ಏನೂ ಆಗಲಿಲ್ಲ.

ಷಾಕ್ಲಿಯವರು ಆ ಲೆಕ್ಕವನ್ನು ಬಾರ್ಡೀನರ ಮುಂದಿಟ್ಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಿಂಗಳುಗಳ ಕಾಲ ಯೋಚಿಸಿದ ಮೇಲೆ, 1946ರಲ್ಲಿ ಬಾರ್ಡೀನರಿಗೆ ಕಾರಣ ಹೊಳೆಯಿತು. ಅರೆವಾಹಕದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುವ ತಾಣಗಳಿವೆ. ಅಲ್ಲಿ ನಿಂತ ಎಲೆಕ್ಟ್ರಾನುಗಳು ಕೋಟೆಯ ಗೋಡೆಯಂತೆ ಹೊರಗಿನ ಬಲವನ್ನು ಒಳಗೆ ಬಿಡುವುದಿಲ್ಲ. ಸೋಲಿನ ಕಾರಣವನ್ನು ತಿಳಿಸಿದ ಈ ವಿಚಾರವೇ ಗೆಲುವಿನ ಬಾಗಿಲನ್ನು ತೆರೆಯಿತು. ತಂಡದವರೆಲ್ಲರೂ ಮೇಲ್ಮೈಯ ಅಧ್ಯಯನಕ್ಕೆ ತೊಡಗಿದರು.

ಪ್ರಯೋಗಗಳಲ್ಲಿ ಬಾರ್ಡೀನರಿಗೆ ಜೊತೆಯಾದವರು ವಾಲ್ಟರ್ ಬ್ರ್ಯಾಟನ್. ಇವರು ಮಾತುಗಾರರು, ಕೈಕೆಲಸದಲ್ಲಿ ಬಹು ನಿಪುಣರು. ಅವರು ಯೋಚನಾಪರರು, ಮೌನಿಗಳು. ಬ್ರ್ಯಾಟನ್ನರು ಮೇಜಿನ ಮುಂದೆ ಪ್ರಯೋಗ ನಡೆಸುತ್ತಿದ್ದರೆ ಬಾರ್ಡೀನರು ಪಕ್ಕದಲ್ಲಿದ್ದು ಮುಂದೇನು ಮಾಡಬೇಕೆಂದು ಸೂಚಿಸುತ್ತಿದ್ದರು. ಇಂಥ ಜೋಡಿ ದೊರೆಯುವುದು ಅಪೂರ್ವ. 1947ರ ನವೆಂಬರಿನಲ್ಲಿ, ಮೇಲ್ಮೈಗೆ ದ್ರವವೊಂದನ್ನು ತಾಗಿಸಿದರೆ ಆ ಗೋಡೆ ಸಡಿಲವಾಗುವುದೆಂದು ಕಂಡುಬಂದಿತು. ದ್ರವದ ಹನಿಯ ನಡುವೆ ಲೋಹದ ಮೊನೆಯೊಂದನ್ನು ಅರೆವಾಹಕಕ್ಕೆ ಊರಿದಾಗ ಸಂಕೇತ ಹಿಗ್ಗಿತು. ಆದರೆ ಒಂದು ತೊಡಕು ಉಳಿಯಿತು. ದ್ರವದೊಳಗಿನ ವಿದ್ಯುತ್ಕಣಗಳು ಬಲು ಮಂದಗಾಮಿಗಳು. ಸೆಕೆಂಡಿಗೆ ಹತ್ತು ಬಾರಿಗಿಂತ ಹೆಚ್ಚಾಗಿ ಕಂಪಿಸುವ ಯಾವ ಸಂಕೇತವನ್ನೂ ಅವು ಹಿಂಬಾಲಿಸಲಾರದೆ ಹೋದವು. ಮನುಷ್ಯನ ಮಾತಿನಲ್ಲಿ ಸೆಕೆಂಡಿಗೆ ನೂರಾರು, ಸಾವಿರಾರು ಕಂಪನಗಳಿರುತ್ತವೆ. ಮಾತನ್ನು ಒಯ್ಯದ ವರ್ಧಕ ದೂರವಾಣಿಗೆ ಯಾವ ಉಪಯೋಗಕ್ಕೆ?

ದ್ರವವನ್ನು ಕೈಬಿಟ್ಟು, ಜರ್ಮೇನಿಯಮ್ಮಿನ ಮೇಲೆ ಆಕ್ಸೈಡಿನ ತೆಳು ಪೊರೆಯನ್ನೂ ಅದರ ಮೇಲೆ ಚಿನ್ನದ ಲೇಪವನ್ನೂ ಹಾಕಿ ನೋಡಿದರು. ಪೊರೆ ತಿಳಿಯದೆಯೇ ತೊಳೆದುಹೋಗಿ ಚಿನ್ನ ನೇರವಾಗಿ ಜರ್ಮೇನಿಯಮ್ಮನ್ನು ಮುಟ್ಟಿತು. ಅದು ಕೈತಪ್ಪಿನಿಂದ ಆದುದು. ಆದರೆ ಆಗ ತೋರಿದ ಪರಿಣಾಮ ಇವರ ಕಣ್ಣು ತೆರೆಸಿತು. ಒಂದು ಲೋಹಬಿಂದುವಿನಿಂದ ಒಳನುಗ್ಗುವ ಅಲ್ಪ ಪ್ರವಾಹ, ಹತ್ತಿರದ ಇನ್ನೊಂದು ಬಿಂದುವಿನ ಪ್ರವಾಹವನ್ನು ಬದಲಿಸುತ್ತಿತ್ತು. ಹಾಗಾದರೆ ಎರಡು ಬಿಂದುಗಳೂ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಬಾರ್ಡೀನರ ಲೆಕ್ಕದಂತೆ ಅವುಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟಿರಬೇಕು. ಅಷ್ಟು ಸಣ್ಣ ತಂತಿಗಳನ್ನು ಅಷ್ಟು ಹತ್ತಿರ ನಿಲ್ಲಿಸುವುದು ಹೇಗೆ? ಬ್ರ್ಯಾಟನ್ನರು ಪ್ಲಾಸ್ಟಿಕಿನ ತ್ರಿಕೋನಾಕಾರದ ತುಂಡೊಂದರ ಅಂಚಿಗೆ ಚಿನ್ನದ ಹಾಳೆಯನ್ನು ಅಂಟಿಸಿ, ಅದರ ತುದಿಯನ್ನು ಕ್ಷೌರದ ಬ್ಲೇಡಿನಿಂದ ಮೆಲ್ಲಗೆ ಸೀಳಿದರು. ಒಂದು ಹಾಳೆ ಎರಡಾಯಿತು. ಆ ತುದಿಯನ್ನು ಸ್ಪ್ರಿಂಗಿನಿಂದ ಜರ್ಮೇನಿಯಮ್ಮಿನ ಮೇಲೆ ಒತ್ತಿ ಹಿಡಿದರು. 1947ರ ಡಿಸೆಂಬರ್ 16ರಂದು ಸಂಕೇತ ಹಿಗ್ಗಿತು. ಮಂದವಾದ ಸಂಕೇತ ಮಾತ್ರವಲ್ಲ, ಮಾತಿನಷ್ಟೇ ವೇಗವಾಗಿ ಕಂಪಿಸುವ ಸಂಕೇತವೂ ಹಿಗ್ಗಿತು.

ಅಂದು ಸಂಜೆ ಬಾರ್ಡೀನರು ಮನೆಗೆ ಬಂದಾಗ ಜೇನ್ ಅಡುಗೆಮನೆಯಲ್ಲಿದ್ದರು. ಇಂದು ಮುಖ್ಯವಾದುದೊಂದನ್ನು ಕಂಡುಹಿಡಿದೆವೆಂದು ಪತಿ ಮೆಲುದನಿಯಲ್ಲಿ ತಿಳಿಸಿದರು. ಕಚೇರಿಯ ವಿಷಯವನ್ನು ಮನೆಯಲ್ಲಿ ಎತ್ತದವರು ಅಷ್ಟು ಹೇಳಿದ್ದೇ ಹೆಚ್ಚು. ಒಂದು ವಾರದ ಬಳಿಕ, ಡಿಸೆಂಬರ್ 23ರಂದು, ಪ್ರಯೋಗಾಲಯದ ಹಿರಿಯರ ಮುಂದೆ ಪ್ರದರ್ಶನ ನಡೆಯಿತು. ಒಬ್ಬರು ಮೈಕಿನ ಮುಂದೆ ಮಾತನಾಡಿದರು; ಮಿಕ್ಕವರು ಕಿವಿಗೆ ಆಲಿಸುವ ಸಾಧನವನ್ನಿಟ್ಟುಕೊಂಡರು. ಹೊಸ ಉಪಕರಣವನ್ನು ಮಂಡಲದಲ್ಲಿ ಸೇರಿಸಿದಾಗ ಮಾತು ಎದ್ದು ಕೇಳಿಸಿತು, ತೆಗೆದಾಗ ಕುಗ್ಗಿತು. ಸಂಕೇತದ ಶಕ್ತಿ ಸುಮಾರು 18 ಪಟ್ಟು ಹೆಚ್ಚಿತ್ತು, ಆದರೂ ದನಿಯ ಗುಣ ಕೆಟ್ಟಿರಲಿಲ್ಲ. ಟ್ರಾನ್ಸಿಸ್ಟರು ಲೋಕದಲ್ಲಿ ಮಾಡಿದ ಮೊದಲ ಕೆಲಸ ಹೀಗೆ ಮನುಷ್ಯನ ಧ್ವನಿಯನ್ನು ಹಿಗ್ಗಿಸುವುದೇ ಆಗಿತ್ತು.

1948ರ ಜೂನ್ 30ರಂದು ನ್ಯೂಯಾರ್ಕಿನಲ್ಲಿ ಈ ಸುದ್ದಿಯನ್ನು ಪ್ರಕಟಿಸಿದರು. ಟ್ರಾನ್ಸಿಸ್ಟರ್ ಎಂಬ ಹೆಸರನ್ನು ಸೂಚಿಸಿದವರು ಸಹೋದ್ಯೋಗಿ ಜಾನ್ ಪಿಯರ್ಸ್. ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಅದನ್ನು ಒಳಪುಟದ ರೇಡಿಯೋ ವಾರ್ತೆಗಳ ಕೊನೆಗೆ ನಾಲ್ಕಾರು ಸಾಲುಗಳಲ್ಲಿ ಮುಗಿಸಿತು.

ಪ್ರಯೋಗಾಲಯದೊಳಗೆ ಮಾತ್ರ ಬೇರೊಂದು ಗಾಳಿ ಬೀಸತೊಡಗಿತ್ತು. ತಮ್ಮ ತಂಡದವರು ಕಂಡುಹಿಡಿದ ವಸ್ತುವಿನಲ್ಲಿ ತಮ್ಮ ಕೈ ನೇರವಾಗಿ ಇರಲಿಲ್ಲವೆಂಬುದು ಷಾಕ್ಲಿಯವರನ್ನು ಬಾಧಿಸಿತು. ಅವರು ಏಕಾಂತದಲ್ಲಿ ಕುಳಿತು, 1948ರ ಜನವರಿಯಲ್ಲಿ, ಚಿನ್ನದ ಮೊನೆಗಳೇ ಇಲ್ಲದ, ಅರೆವಾಹಕದ ಮೂರು ಪದರಗಳಿಂದಾದ ಬೇರೊಂದು ಟ್ರಾನ್ಸಿಸ್ಟರನ್ನು ಕಲ್ಪಿಸಿದರು. ನ್ಯಾಯವಾಗಿ ಹೇಳುವುದಾದರೆ ಅದು ಮೊದಲನೆಯದಕ್ಕಿಂತ ಉತ್ತಮವಾದುದು. ಬಾರ್ಡೀನ್ ಮತ್ತು ಬ್ರ್ಯಾಟನ್ನರದು ಸ್ವಲ್ಪ ತಟ್ಟಿದರೂ ಕೆಡುವಂಥದು. ಅದರಲ್ಲಿ ಕರ್ಕಶವಾದ ಸದ್ದೂ ಹೆಚ್ಚು. ಮುಂದೆ ಮನೆಮನೆಗಳನ್ನು ಮುಟ್ಟಿದುದು ಪದರಗಳ ಟ್ರಾನ್ಸಿಸ್ಟರೇ. ಆದರೆ ಆ ಕೆಲಸದಿಂದ ಷಾಕ್ಲಿಯವರು ತಮ್ಮ ಇಬ್ಬರು ಸಂಗಡಿಗರನ್ನು ದೂರವಿಟ್ಟರು. ಪ್ರಕಟಣೆಗಾಗಿ ತೆಗೆಸಿದ ಭಾವಚಿತ್ರದಲ್ಲಿ ಬ್ರ್ಯಾಟನ್ನರ ಮೇಜಿನ ಮುಂದೆ ಕುಳಿತವರು ಷಾಕ್ಲಿ. ಉಳಿದಿಬ್ಬರೂ ಹಿಂದೆ ನಿಂತಿದ್ದಾರೆ.

ಬಾರ್ಡೀನರು ಜಗಳವಾಡಲಿಲ್ಲ. ಮೂರು ವರ್ಷ ಕಾದರು. ಬಳಿಕ, 1951ರಲ್ಲಿ, ತಾವು ಬಿಟ್ಟುಹೋಗುವ ಕಾರಣವನ್ನು ಸಂಸ್ಥೆಯ ಮುಖ್ಯರಿಗೆ ಬರೆದು ತಿಳಿಸಿ, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಉಳಿದ ನಲವತ್ತು ವರ್ಷವೂ ಅದೇ ಅವರ ಮನೆಯಾಯಿತು.

ಹೋಗುವಾಗ ಅವರ ಬಳಿ ಒಂದು ಪುಟ್ಟ ಸಂಗೀತದ ಪೆಟ್ಟಿಗೆಯಿತ್ತು. ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಟ್ರಾನ್ಸಿಸ್ಟರಿನ ಶಕ್ತಿಯನ್ನು ತೋರಿಸಲು ಮಾಡಿದ್ದ ಪೆಟ್ಟಿಗೆ ಅದು. ಉಪನ್ಯಾಸಗಳಿಗೆ ಹೋದಾಗ ಬಾರ್ಡೀನರು ಅದನ್ನು ಮೇಜಿನ ಮೇಲಿಟ್ಟು ನುಡಿಸುತ್ತಿದ್ದರು. ವಾಲ್ವು ಕಾಯುವವರೆಗೆ ಕಾದು ಕುಳಿತು ರೂಢಿಯಾಗಿದ್ದ ಸಭಿಕರಿಗೆ, ಗುಂಡಿ ಒತ್ತಿದ ಕ್ಷಣದಲ್ಲಿಯೇ ಸ್ವರ ಹೊರಡುವುದು ಒಂದು ಸೋಜಿಗ. ಉಪನ್ಯಾಸಕರ ಮಾತು ಮುಂದಿನ ಸಾಲಿಗೇ ಕಷ್ಟದಿಂದ ಮುಟ್ಟುತ್ತಿದ್ದರೂ ಪೆಟ್ಟಿಗೆಯ ಸ್ವರ ಹಿಂದಿನ ಸಾಲಿಗೂ ಕೇಳುತ್ತಿತ್ತು.

ಆ ಪೆಟ್ಟಿಗೆಯೊಳಗೆ ನಡೆಯುವುದೇ ಮನೆಯ ಪೂರ್ವವರ್ಧಕದೊಳಗೂ ನಡೆಯುತ್ತದೆ. ಪದರಗಳ ಟ್ರಾನ್ಸಿಸ್ಟರಿಗೆ ಎಮಿಟರ್, ಬೇಸ್, ಕಲೆಕ್ಟರ್ ಎಂಬ ಮೂರು ಕಾಲುಗಳು. ಬೇಸಿಗೆ ಕೊಟ್ಟ ಅತ್ಯಲ್ಪ ಪ್ರವಾಹ ಏರಿಳಿದಂತೆ ಕಲೆಕ್ಟರಿನಲ್ಲಿ ಅದರ ನೂರು ಪಟ್ಟಿನ ಆಸುಪಾಸಿನ ಪ್ರವಾಹ ಏರಿಳಿಯುತ್ತದೆ. ತೂಬಿನ ಹಲಗೆಯನ್ನು ಒಂದು ಬೆರಳಿನಷ್ಟು ಎತ್ತಿದರೆ ಕೆರೆಯ ನೀರು ಕಾಲುವೆಯಲ್ಲಿ ಭೋರ್ಗರೆಯುವಂತೆ ಇದು. ನೀರಿನ ಬಲ ಹಲಗೆ ಎತ್ತಿದವನದಲ್ಲ, ಕೆರೆಯದು. ಇಲ್ಲಿಯೂ ಬಲ ಬ್ಯಾಟರಿಯಿಂದ ಬರುತ್ತದೆ, ಸಂಕೇತ ಅದಕ್ಕೆ ರೂಪ ಕೊಡುತ್ತದೆ ಅಷ್ಟೆ. ಕಲೆಕ್ಟರಿನ ಪ್ರವಾಹವನ್ನು ಒಂದು ರೋಧಕದ ಮೂಲಕ ಹಾಯಿಸಿದರೆ ಪ್ರವಾಹದ ಏರಿಳಿತ ವೋಲ್ಟೇಜಿನ ಏರಿಳಿತವಾಗಿ ಮಾರ್ಪಡುತ್ತದೆ.

ಆದರೆ ಟ್ರಾನ್ಸಿಸ್ಟರನ್ನು ಹಾಗೆಯೇ ಜೋಡಿಸಿದರೆ ಸಾಲದು. ಧ್ವನಿಯ ಅಲೆಗೆ ಮೇಲಿನ ಅರ್ಧವೂ ಉಂಟು, ಕೆಳಗಿನ ಅರ್ಧವೂ ಉಂಟು. ಮೊದಲೇ ಮುಚ್ಚಿದ ತೂಬು ಇನ್ನೂ ಮುಚ್ಚಲಾರದು. ಆಗ ಅಲೆಯ ಒಂದು ಪಾಲು ಕತ್ತರಿಸಿಹೋಗಿ ಹಾಡು ಒಡಕಾಗುತ್ತದೆ. ಆದುದರಿಂದ ಸಂಕೇತವಿಲ್ಲದಾಗಲೂ ತೂಬು ಅರ್ಧ ತೆರೆದಿರುವಂತೆ, ಎರಡು ರೋಧಕಗಳಿಂದ ಬೇಸಿಗೆ ತಕ್ಕಷ್ಟು ವೋಲ್ಟೇಜನ್ನು ಹಂಚಿಕೊಟ್ಟಿರುತ್ತಾರೆ. ಟ್ರಾನ್ಸಿಸ್ಟರು ಬಿಸಿಯಾದರೆ ಅದರ ಪ್ರವಾಹ ತಾನಾಗಿ ಏರುವ ಸ್ವಭಾವದ್ದು. ಅದಕ್ಕೆ ಲಗಾಮಾಗಿ ಎಮಿಟರಿನ ಬಳಿ ಒಂದು ಸಣ್ಣ ರೋಧಕವನ್ನು ಇಡುತ್ತಾರೆ. ಪ್ರವಾಹ ಏರಿದೊಡನೆ ಆ ರೋಧಕದ ಮೇಲಿನ ವೋಲ್ಟೇಜೂ ಏರಿ, ಬೇಸಿನ ಹಿಡಿತವನ್ನು ತಗ್ಗಿಸಿ, ಪ್ರವಾಹವನ್ನು ಹಿಂದಕ್ಕೆಳೆಯುತ್ತದೆ. ಒಳಬರುವ ದಾರಿಯಲ್ಲಿ ಒಂದು, ಹೊರಹೋಗುವ ದಾರಿಯಲ್ಲಿ ಒಂದು ಕೆಪಾಸಿಟರು ನಿಂತು, ಬ್ಯಾಟರಿಯ ಸ್ಥಿರ ವಿದ್ಯುತ್ತನ್ನು ತಡೆದು ಧ್ವನಿಯ ಅಲೆಯನ್ನು ಮಾತ್ರ ಬಿಡುತ್ತವೆ. ಒಂದು ಟ್ರಾನ್ಸಿಸ್ಟರು, ಬೆರಳೆಣಿಕೆಯ ರೋಧಕಗಳು, ಎರಡೋ ಮೂರೋ ಕೆಪಾಸಿಟರುಗಳು: ಸರಳವಾದ ಪೂರ್ವವರ್ಧಕವೆಂದರೆ ಇಷ್ಟೇ. ಅದಕ್ಕೆ ಬಲಕ್ಕಿಂತ ಮಿಗಿಲಾಗಿ ಬೇಕಾದ ಗುಣವೊಂದಿದೆ. ಅದು ತಾನು ಸದ್ದು ಮಾಡಬಾರದು. ಮೊದಲ ಹಂತದಲ್ಲಿ ಸೇರಿದ ಸಣ್ಣ ಗುಜುಗುಜು ಸದ್ದೂ ಮುಂದಿನ ಹಂತಗಳಲ್ಲಿ ಹಾಡಿನ ಜೊತೆಗೇ ಬೆಳೆದು ಕಿವಿಗೆ ಬಡಿಯುತ್ತದೆ.

ಟ್ರಾನ್ಸಿಸ್ಟರು ಮೊದಲು ನೆರವಾದುದು ಕಿವಿ ಮಂದವಾದವರಿಗೆ. 1952ರ ಕೊನೆಯ ಹೊತ್ತಿಗೆ ಟ್ರಾನ್ಸಿಸ್ಟರುಳ್ಳ ಶ್ರವಣ ಸಾಧನಗಳು ಮಾರಾಟಕ್ಕೆ ಬಂದವು. 1954ರಲ್ಲಿ ಅಮೆರಿಕದಲ್ಲಿ, ಮರುವರ್ಷ ಜಪಾನಿನಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ರೇಡಿಯೋಗಳು ಬಂದವು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿ ಜರ್ಮೇನಿಯಮ್ ಅರೆವಾಹಕ ಸಾಧನಗಳ ತಯಾರಿಕೆಗೆ ತೊಡಗಿತು. ವಿದ್ಯುತ್ತಿನ ತಂತಿ ಕಾಣದ ಹಳ್ಳಿಗಳಲ್ಲಿಯೂ ಬ್ಯಾಟರಿಯಿಂದ ರೇಡಿಯೋ ಹಾಡಿತು. ಒಳಗಿನ ಕಾಳಿನ ಹೆಸರೇ ಹೊರಗಿನ ಪೆಟ್ಟಿಗೆಗೆ ಅಂಟಿಕೊಂಡು, ಕನ್ನಡ ನಾಡಿನ ಜನ ರೇಡಿಯೋವನ್ನೇ ಟ್ರಾನ್ಸಿಸ್ಟರ್ ಎಂದು ಕರೆದರು.

1956ರ ನವೆಂಬರ್ 1ರ ಬೆಳಿಗ್ಗೆ ಬಾರ್ಡೀನರು ಉಪಾಹಾರಕ್ಕಾಗಿ ಮೊಟ್ಟೆಗಳನ್ನು ಹುರಿಯುತ್ತಿದ್ದರು. ರೇಡಿಯೋ ಸುದ್ದಿ ಹೇಳುತ್ತಿತ್ತು. ಷಾಕ್ಲಿ, ಬಾರ್ಡೀನ್, ಬ್ರ್ಯಾಟನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿದೆಯೆಂದು ಕೇಳಿದೊಡನೆ ಬಾಣಲೆ ಅವರ ಕೈಯಿಂದ ನೆಲಕ್ಕೆ ಬಿದ್ದಿತು. ಸ್ಟಾಕ್‌ಹೋಮಿಗೆ ಅವರು ಮೂವರು ಮಕ್ಕಳಲ್ಲಿ ಒಬ್ಬರನ್ನು ಮಾತ್ರ ಕರೆದೊಯ್ದಿದ್ದರು. ಸ್ವೀಡನ್ನಿನ ದೊರೆ ಅದನ್ನು ಹಾಸ್ಯವಾಗಿ ಆಕ್ಷೇಪಿಸಿದಾಗ, ಮುಂದಿನ ಸಲ ಎಲ್ಲರನ್ನೂ ಕರೆತರುವುದಾಗಿ ಬಾರ್ಡೀನರು ಮಾತುಕೊಟ್ಟರು. ಸಮಾರಂಭ ಮುಗಿದ ರಾತ್ರಿ, ಐದು ವರ್ಷಗಳ ಹಿಂದೆ ಬೇರೆಯಾಗಿದ್ದ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಹಳೆಯ ದಿನಗಳನ್ನು ನೆನೆದರು.

ಆ ಹೊತ್ತಿಗೆ ಬಾರ್ಡೀನರ ಮನಸ್ಸೆಲ್ಲ ಇನ್ನೊಂದು ಸಮಸ್ಯೆಯಲ್ಲಿತ್ತು. ಕೆಲವು ಲೋಹಗಳನ್ನು ಅತಿಯಾಗಿ ತಣಿಸಿದಾಗ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವುದನ್ನು 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ನೆಸ್ ಕಂಡಿದ್ದರು. ಈ ಅತಿವಾಹಕತೆಗೆ ಕಾರಣ ತಿಳಿಯದೆ ನಾಲ್ಕು ದಶಕಗಳು ಕಳೆದಿದ್ದವು. ಲಿಯೋನ್ ಕೂಪರ್ ಎಂಬ ಯುವಕ ಸಂಶೋಧಕರೂ ರಾಬರ್ಟ್ ಶ್ರೀಫರ್ ಎಂಬ ವಿದ್ಯಾರ್ಥಿಯೂ ಬಾರ್ಡೀನರೊಡನೆ ಅದರ ಬೆನ್ನುಹತ್ತಿದ್ದರು. ದಾರಿ ಕಾಣದೆ ಶ್ರೀಫರರು ವಿಷಯವನ್ನೇ ಬದಲಿಸಲು ಯೋಚಿಸಿದಾಗ, ತಾವು ಸ್ವೀಡನ್ನಿನಿಂದ ಮರಳುವವರೆಗೆ ಇನ್ನೊಂದು ತಿಂಗಳು ತಾಳಬೇಕೆಂದು ಗುರುಗಳು ಕೇಳಿಕೊಂಡರು. ಆ ತಾಳ್ಮೆ ಫಲಿಸಿತು. 1957ರಲ್ಲಿ ಮೂವರೂ ಸೇರಿ ಆ ಒಗಟನ್ನು ಬಿಡಿಸಿದರು. ಅದನ್ನು ವಿದ್ವಾಂಸರ ಸಭೆಯಲ್ಲಿ ಮೊದಲು ಮಂಡಿಸುವ ಸಂದರ್ಭ ಬಂದಾಗ ಬಾರ್ಡೀನರು ಹೋಗಲಿಲ್ಲ. ತಾವು ನಿಂತರೆ ಕೀರ್ತಿಯೆಲ್ಲ ತಮಗೇ ಸಲ್ಲುವುದೆಂದು ಬಗೆದು ಕಿರಿಯರಿಗೆ ಅವಕಾಶವನ್ನು ಬಿಟ್ಟರು. ಮರೇ ಹಿಲ್‌ನ ಭಾವಚಿತ್ರದಲ್ಲಿ ಹಿಂದೆ ನಿಂತಿದ್ದವರು ಅವರಲ್ಲವೆ?

ಅವರು ತಪ್ಪನ್ನೇ ಮಾಡದವರೆಂದಲ್ಲ. 1962ರಲ್ಲಿ ಕೇಂಬ್ರಿಜ್ಜಿನ 22 ವರ್ಷದ ಬ್ರಯನ್ ಜೋಸೆಫ್‌ಸನ್ ಅತಿವಾಹಕಗಳ ಬಗ್ಗೆ ಹೊಸ ವಿಚಾರವೊಂದನ್ನು ಮುಂದಿಟ್ಟಾಗ ಬಾರ್ಡೀನರು ಅದನ್ನು ಬಲವಾಗಿ ಅಲ್ಲಗಳೆದರು. ಪ್ರಯೋಗಗಳು ಯುವಕನ ಪರವಾಗಿ ನಿಂತವು. ಬಾರ್ಡೀನರು ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡರು.

1972ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಸುದ್ದಿ ಬಂದ ದಿನ ವಿಶ್ವವಿದ್ಯಾನಿಲಯಕ್ಕೆ ಹೊರಡಲೆಂದು ಬಾರ್ಡೀನರು ಮನೆಯ ಕಾರುಕೊಟ್ಟಿಗೆಯ ಬಳಿ ಬಂದರೆ ಬಾಗಿಲು ತೆರೆಯಲೊಲ್ಲದು. ಅದನ್ನು ತೆರೆಯುವ ಯಂತ್ರ ಟ್ರಾನ್ಸಿಸ್ಟರುಗಳಿಂದ ನಡೆಯುವಂಥದು. ಅಂದೇ ಅದು ಕೆಟ್ಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಸಭಾಂಗಣದಲ್ಲಿ ಮೂವರು ಮಕ್ಕಳೂ ತಂದೆಯ ಜೊತೆಗಿದ್ದರು. ದೊರೆಗೆ ಕೊಟ್ಟ ಮಾತು ಹದಿನಾರು ವರ್ಷಗಳ ಬಳಿಕ ಸಂದಿತು.

1991ರ ಜನವರಿ 30ರಂದು, 82ನೆಯ ವಯಸ್ಸಿನಲ್ಲಿ, ಬಾರ್ಡೀನರು ಬಾಸ್ಟನ್ ನಗರದಲ್ಲಿ ನಿಧನರಾದರು. ಹುಟ್ಟಿದೂರಾದ ಮ್ಯಾಡಿಸನ್ನಿನಲ್ಲಿ ಅವರನ್ನು ಸಮಾಧಿ ಮಾಡಿದರು. ಉಪನ್ಯಾಸದಿಂದ ಉಪನ್ಯಾಸಕ್ಕೆ ಅವರು ಹೊತ್ತು ತಿರುಗಿದ್ದ ಸಂಗೀತದ ಪೆಟ್ಟಿಗೆ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿಯೇ ಉಳಿಯಿತು.